ಡೇರೆಯೊಳಗಿನ ಉಂಡಿ

ಸರಳ ಜೀವನವನ್ನು ಕುರಿತು ಒಂದು ಗಂಟೆ ಉಪನ್ಯಾಸ ಮಾಡುವುದು ನಮಗೆ ಎಂದೂ ಕಷ್ಟವೆನಿಸಿದ್ದಿಲ್ಲ. ನಲವತ್ತು ವರ್ಷಗಳಿಂದ ತರಗತಿಗಳಲ್ಲಿ, ಜಾತ್ರೆ-ಉತ್ಸವಗಳ ವೇದಿಕೆಗಳ ಮೇಲೆ, ಇಂಥ ಪತ್ರಿಕೆಗಳ ಪುಟಗಳಲ್ಲಿ ಆ ಕೆಲಸವನ್ನು ಮಾಡುತ್ತಲೇ ಬಂದಿದ್ದೇವೆ. ಆದರೆ ಆಡಿದ ಮಾತಿನಂತೆ ಒಂದು ರಾತ್ರಿ ಕಳೆಯುವ ಪ್ರಸಂಗ ಒದಗಿದಾಗ ನಾವು ಎಡವಿದೆವು. ಅದು ನಡೆದದ್ದು 2023ರ ಅಕ್ಟೋಬರ್ ತಿಂಗಳಲ್ಲಿ, ಅಮೆರಿಕೆಯ ಒಂದು ಕಾಡಿನಲ್ಲಿ. ಅದನ್ನು ಓದುಗ ಬಂಧುಗಳ ಮುಂದೆ ಮುಚ್ಚುಮರೆಯಿಲ್ಲದೆ ಇಡಬೇಕೆಂಬುದು ಬಹುದಿನಗಳ ಸಂಕಲ್ಪ.

ನಮ್ಮ ಮಗ ಅಟ್ಲಾಂಟಾ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. ನಾವೂ ನಮ್ಮ ಶ್ರೀಮತಿಯವರೂ ಆ ವರ್ಷ ಅವನ ಮನೆಗೆ ಹೋಗಿದ್ದೆವು. ಒಂದು ಸಂಜೆ ಅವನು, “ಅಪ್ಪಾ, ನಮ್ಮ ಮನ್ಯಾಗ ಎಲ್ಲಾ ಬಿಸಿನೀರು, ಮೆತ್ತನ ಹಾಸಿಗಿ ಆತು. ನೀವು ಯಾವಾಗ್ಲೂ ಹೇಳೂ ಬದುಕು ಹೆಂಗಿರತೈತಿ, ಎರಡು ರಾತ್ರಿ ಡೇರೆದಾಗ ಇದ್ದು ನೋಡಿ ಬರೂಣ್ರಿ” ಎಂದ. ಮಾತಿನಲ್ಲಿ ಸ್ವಲ್ಪ ಚೇಷ್ಟೆಯಿದ್ದಿತು. ಮಠದ ಅನ್ನವುಂಡು ಬೆಳೆದವರು ನಾವು, ಹಿಂಜರಿಯುವುದುಂಟೆ? ಕೂಡಲೇ ಒಪ್ಪಿಕೊಂಡೆವು.

ಹೋದದ್ದು ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನಕ್ಕೆ. ಅಟ್ಲಾಂಟಾದಿಂದ ಉತ್ತರಕ್ಕೆ ಕಾರಿನಲ್ಲಿ ಸುಮಾರು 3 ಗಂಟೆಗಳ ಹಾದಿ. ಟೆನೆಸ್ಸಿ ಮತ್ತು ನಾರ್ತ್ ಕೆರೊಲಿನಾ ರಾಜ್ಯಗಳ ಗಡಿಯ ಮೇಲೆ 5 ಲಕ್ಷ ಎಕರೆಗೂ ಮಿಗಿಲಾಗಿ ಹಬ್ಬಿರುವ ಈ ಕಾಡು 1934ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಬೆಟ್ಟಗಳ ಮೇಲೆ ನೀಲಿ ಮಂಜು ಹೊಗೆಯಂತೆ ಕವಿದಿರುವುದರಿಂದ ಆ ಹೆಸರು. ಈ ನೆಲದ ಮೂಲನಿವಾಸಿಗಳು ಚೆರೋಕೀ ಜನ. ಅವರಲ್ಲಿ ಬಹುಪಾಲು ಮಂದಿಯನ್ನು 1838ರಲ್ಲಿ ಸೈನ್ಯವು ಬಲವಂತದಿಂದ ದೂರದ ಪಶ್ಚಿಮಕ್ಕೆ ಅಟ್ಟಿತು. ಉಳಿದುಕೊಂಡವರ ಸಂತತಿಯವರು ಇಂದಿಗೂ ಉದ್ಯಾನದ ದಕ್ಷಿಣದ ಅಂಚಿನಲ್ಲಿ ನೆಲೆಸಿದ್ದಾರೆ. ಅನಂತರ ಬಂದು ನೆಲೆಸಿದ ರೈತರಲ್ಲಿಯೂ ಸಾವಿರಕ್ಕೆ ಮಿಕ್ಕಿದ ಭೂಮಾಲೀಕರು ಉದ್ಯಾನಕ್ಕಾಗಿ ಹೊಲಮನೆ ಬಿಟ್ಟುಹೋಗಬೇಕಾಯಿತು. ನಾವು ಬೀಡುಬಿಟ್ಟ ಸ್ಮೋಕ್‌ಮಾಂಟ್ ಎಂಬ ಸ್ಥಳವೂ ಒಂದು ಕಾಲಕ್ಕೆ ಮರ ಕಡಿಯುವವರ ಊರಾಗಿದ್ದಿತು. ಇಷ್ಟು ಜನ ಕಳೆದುಕೊಂಡ ನೆಲದ ಮೇಲೆ ಎರಡು ರಾತ್ರಿಯ ಅತಿಥಿಯಾಗಿ ಮಲಗುವವನು ಎಷ್ಟು ಎಚ್ಚರದಿಂದ ಇರಬೇಕು! ಈ ಮಾತನ್ನು ನಾವೇ ಕಾರಿನಲ್ಲಿ ಮೊಮ್ಮಗಳಿಗೆ ಹೇಳಿದ್ದೆವು.

ಬೀಡಿನ ವ್ಯವಸ್ಥೆ ಹೀಗಿದೆ. ಮುಂಗಡವಾಗಿ ಕಾಯ್ದಿರಿಸಿದ ಕುಟುಂಬಕ್ಕೆ ಸಂಖ್ಯೆ ಹಾಕಿದ ಒಂದು ತಾಣ; ಬಾಡಿಗೆ ರಾತ್ರಿಗೆ 30 ಡಾಲರು. ಒಂದು ತಾಣದಲ್ಲಿ 6 ಜನರಿಗಿಂತ ಹೆಚ್ಚು ಇರುವಂತಿಲ್ಲ. ಡೇರೆ ಹೊಡೆಯಲು ಸಮತಟ್ಟಾದ ನೆಲ, ಊಟಕ್ಕೆ ಕಟ್ಟಿಗೆಯ ಮೇಜು, ಬೆಂಕಿ ಹಾಕಲು ಕಬ್ಬಿಣದ ಒಲೆ, ಪಕ್ಕದಲ್ಲಿ ಕಾರು ನಿಲ್ಲಿಸಲು ಜಾಗ. ತುಸು ದೂರದಲ್ಲಿ ಎಲ್ಲರಿಗೂ ಸೇರಿದ ಶೌಚಾಲಯ ಹಾಗೂ ತಣ್ಣೀರಿನ ನಲ್ಲಿ. ಸ್ನಾನಗೃಹವಿಲ್ಲ, ಬಿಸಿನೀರಿಲ್ಲ, ಡೇರೆಗೆ ವಿದ್ಯುತ್ತಿಲ್ಲ. ನಮ್ಮ ಮೊಬೈಲುಗಳೂ ಅಲ್ಲಿ ಮೂಕವಾದವು. ಇದಕ್ಕಿಂತ ಕಠಿಣವಾದ ಬೀಡು ಕಾಡಿನ ಒಳಗಿದೆ. ಅಲ್ಲಿಗೆ ಪರವಾನಗಿ ಪಡೆದು, ಡೇರೆ-ಆಹಾರಗಳನ್ನು ಬೆನ್ನ ಮೇಲೆ ಹೊತ್ತು ನಡೆದೇ ಹೋಗಬೇಕು. ಹಳ್ಳದ ನೀರನ್ನು ಕಾಯಿಸಿಯೋ ಶೋಧಿಸಿಯೋ ಕುಡಿಯಬೇಕು. ಶೌಚಕ್ಕೆ 6 ಅಂಗುಲ ಆಳದ ಗುಂಡಿ ತೋಡಿ ಮುಚ್ಚಬೇಕು. ಆಹಾರದ ಗಂಟನ್ನು ಮರಗಳ ನಡುವೆ ಕಟ್ಟಿದ ಉಕ್ಕಿನ ಹಗ್ಗಕ್ಕೆ ಏರಿಸಿ ತೂಗುಬಿಡಬೇಕು. ನಮ್ಮ ಮೊಣಕಾಲುಗಳ ಸ್ಥಿತಿಯನ್ನು ಬಲ್ಲ ಮಗ ಆ ಸಾಹಸಕ್ಕೆ ನಮ್ಮನ್ನು ಎಳೆಯಲಿಲ್ಲ.

ಸೌಕರ್ಯಗಳು ಕಡಿಮೆ, ನಿಯಮಗಳು ಹೆಚ್ಚು. ಹೊರಗಿನಿಂದ ಕಟ್ಟಿಗೆ ತರುವುದಾದರೆ ಶಾಖದಲ್ಲಿ ಸಂಸ್ಕರಿಸಿ ಮುದ್ರೆಯೊತ್ತಿದ ಕಟ್ಟಿಗೆಯೇ ಆಗಬೇಕು. ಹಸಿ ಸೌದೆಯಲ್ಲಿ ಅಡಗಿ ಬರುವ ಹುಳುಗಳು ಕಾಡಿನ ಮರಗಳನ್ನೇ ಕೊಂದುಬಿಡುತ್ತವೆ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಗದ್ದಲ ಕೂಡದು. ಪಾತ್ರೆ ತೊಳೆದ ನೀರನ್ನು ಹಳ್ಳಕ್ಕೆ ಚೆಲ್ಲುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು, ಆಹಾರದ ಒಂದು ತುಣುಕೂ ಡೇರೆಯೊಳಗೆ ಇರಕೂಡದು. ಉಂಡಾದ ಮೇಲೆ ಎಲ್ಲವನ್ನೂ ಕಾರಿನಲ್ಲಿಟ್ಟು ಬೀಗ ಹಾಕಬೇಕು. ಹಲ್ಲುಜ್ಜುವ ಪೇಸ್ಟಿಗೂ ಇದೇ ನಿಯಮ. ಕಾರಣ, ಕರಡಿ.

ಆ ಕಾಡಿನಲ್ಲಿ ಸುಮಾರು 1,900 ಕಪ್ಪು ಕರಡಿಗಳಿವೆ ಎಂದು ಉದ್ಯಾನದವರ ಅಂದಾಜು. ನಮ್ಮ ದರೋಜಿಯ ಕರಡಿಗಿಂತ ಬೇರೆ ಜಾತಿಯದು. ಅದರ ಮೂಗು ಬಲು ಚುರುಕು. ಬಹು ದೂರದ ಆಹಾರವನ್ನೂ ವಾಸನೆಯಿಂದಲೇ ಪತ್ತೆಹಚ್ಚುತ್ತದೆ. ಮನುಷ್ಯರ ತಿನಿಸಿನ ರುಚಿ ಒಮ್ಮೆ ಹತ್ತಿದರೆ ಅದರ ಅಂಜಿಕೆ ಹೋಗುತ್ತದೆ, ಬೀಡುಗಳಿಗೆ ನುಗ್ಗತೊಡಗುತ್ತದೆ. ಹಾಗೆ ಜನರಿಗೆ ಅಪಾಯಕಾರಿಯಾದ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗಿ ಬರುವುದೂ ಉಂಟು. ಹಸಿದ ಪ್ರಾಣಿಗೆ ಅನ್ನವಿಕ್ಕುವುದೇ ಧರ್ಮವೆಂದು ನಂಬಿದವರು ನಾವು. ಇಲ್ಲಿ ನಮ್ಮ ತುತ್ತೇ ಅದಕ್ಕೆ ಮೃತ್ಯುವಾಗಬಲ್ಲದು ಎಂಬ ಮಾತು ಹೊಸದಾಗಿ ಕೇಳಿಸಿತು. ಹತ್ತು ವರ್ಷದ ಮೊಮ್ಮಗಳು ಇವೆಲ್ಲವನ್ನೂ ಉದ್ಯಾನದವರು ಮಕ್ಕಳಿಗಾಗಿ ಅಚ್ಚುಹಾಕಿದ ಪುಸ್ತಿಕೆಯಲ್ಲಿ ಓದಿ, ಪಾಠ ಒಪ್ಪಿಸುವಂತೆ ನಮಗೆ ಒಪ್ಪಿಸಿದಳು. ನಾವು ತಲೆದೂಗಿದೆವು.

ತಲೆದೂಗುವಾಗ ನಮ್ಮ ಹೆಗಲಚೀಲದಲ್ಲಿ ಎಂಟು ಶೇಂಗಾ ಉಂಡಿಗಳಿದ್ದವು.

ಇದರ ಹಿಂದಿನ ಸಂಗತಿಯನ್ನು ಹೇಳಬೇಕು. ಅದಕ್ಕೆ ಆರು ತಿಂಗಳ ಹಿಂದೆ ವೈದ್ಯರು ನಮಗೆ ಇನ್ಸುಲಿನ್ ಚುಚ್ಚುಮದ್ದು ಆರಂಭಿಸಿದ್ದರು. ದೂರದಲ್ಲಿರುವ ಮಗ ಚಿಂತಿಸಿಯಾನು ಎಂದು ಅವನಿಗೆ ತಿಳಿಸಿರಲಿಲ್ಲ. ಶ್ರೀಮತಿಯವರು ಹೇಳೋಣವೆಂದರೂ ತಡೆದಿದ್ದೆವು. ಆ ಮದ್ದು ತೆಗೆದುಕೊಳ್ಳುವವರಿಗೆ ಕೆಲವೊಮ್ಮೆ ರಕ್ತದ ಸಕ್ಕರೆ ಇದ್ದಕ್ಕಿದ್ದಂತೆ ಇಳಿದು ಬೆವರು, ನಡುಕ, ಎದೆಬಡಿತ ಕಾಣಿಸಿಕೊಳ್ಳುತ್ತವೆ. ನಮಗೆ ಎರಡು ಸಲ ಹಾಗಾಗಿತ್ತು, ಎರಡೂ ಸಲ ನಡುರಾತ್ರಿಯಲ್ಲಿ. ಅಂದಿನಿಂದ ತಲೆದಿಂಬಿನ ಬಳಿ ಉಂಡಿ ಇಟ್ಟುಕೊಳ್ಳುವುದು ರೂಢಿಯಾಗಿತ್ತು.

ಸಂಜೆ ಬೆಂಕಿಯ ಸುತ್ತ ಕುಳಿತು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಝುಣಕದ ಊಟವಾಯಿತು. ಅನಂತರ ನಾವು ಮಠದ ದಿನಗಳ ಕಥೆ ತೆಗೆದೆವು. 1970ರ ಸುಮಾರಿಗೆ ಒಂದು ಕೋಣೆಯಲ್ಲಿ ನಲವತ್ತು ಹುಡುಗರು. ಬೆಳಗಿನ 4ಕ್ಕೆ ಏಳುವುದು, ತಣ್ಣೀರಿನ ಸ್ನಾನ, ಚಾಪೆಯ ಮೇಲೆ ನಿದ್ರೆ, ಸರದಿಯ ಮೇಲೆ ನೀರು ಹೊರುವುದು. “ಅಲ್ಲೆ ಕರಡಿ ಇದ್ದೂ ಏನ್ರಿ ಅಜ್ಜಾ?” ಎಂದು ಮೊಮ್ಮಗಳು ಕೇಳಿದಳು. ಎಲ್ಲರೂ ನಕ್ಕರು. ಹೇಳದೆ ಬಿಟ್ಟ ಒಂದು ಕಥೆ ಮಾತ್ರ ನಮ್ಮಲ್ಲಿಯೇ ಉಳಿಯಿತು. ಊರಿನಿಂದ ಬಂದ ತಿನಿಸನ್ನು ಕೋಣೆಯವರೆಲ್ಲ ಹಂಚಿಕೊಂಡು ತಿನ್ನಬೇಕೆಂಬುದು ಆ ಮಠದ ಕಟ್ಟಳೆ. ಒಮ್ಮೆ ಅವ್ವ ಕಳಿಸಿದ ಉಂಡಿಗಳನ್ನು ನಾವು ಹಾಸಿಗೆಯ ಸುರುಳಿಯಲ್ಲಿ ಬಚ್ಚಿಟ್ಟಿದ್ದೆವು. ಮರುದಿನ ಇರುವೆಗಳ ಸಾಲು ನೋಡಿದ ಹಿರಿಯ ಸ್ವಾಮಿಗಳು ಹೊಡೆಯಲಿಲ್ಲ, ಬಯ್ಯಲಿಲ್ಲ. “ಇರುವೆಗೆ ತಿಳಿದದ್ದು ಉಳಿದವರಿಗೆ ತಿಳಿಯುವುದಿಲ್ಲವೇನಪ್ಪಾ?” ಎಂದಷ್ಟೇ ಕೇಳಿ ಮುಂದೆ ನಡೆದಿದ್ದರು.

ಎರಡು ಡೇರೆಗಳಲ್ಲಿ ಒಂದರಲ್ಲಿ ಮಗ-ಸೊಸೆ. ಇನ್ನೊಂದರಲ್ಲಿ ನಾವು, ಶ್ರೀಮತಿಯವರು, ನಡುವೆ ಮೊಮ್ಮಗಳು. ಚಳಿ ಬಲವಾಗಿತ್ತು. ಹಳ್ಳದ ಸದ್ದು ಒಂದೇ ಸಮನೆ ಕೇಳಿಸುತ್ತಿತ್ತು. ದೀಪವಾರಿಸಿದ ಸ್ವಲ್ಪ ಹೊತ್ತಿಗೆ ಮೊಮ್ಮಗಳು ಪಿಸುಗುಟ್ಟಿದಳು: “ಅಜ್ಜಾ, ಶೇಂಗಾದ ವಾಸನಿ ಬರಾಕತ್ತೈತ್ರಿ. ನಿಮ್ಮ ಚೀಲದಾಗ ಏನರ ಐತೇನ್ರಿ?”

“ಏನಿಲ್ಲವ್ವಾ, ಮಲಕ್ಕೊ” ಎಂದೆವು.

ಅವಳು ನಂಬಿ ಮಲಗಿದಳು. ನಮಗೆ ನಿದ್ರೆ ಹತ್ತಲಿಲ್ಲ. ಹೊರಗೆ ಒಣ ಎಲೆಗಳ ಮೇಲೆ ಏನೋ ನಡೆದಾಡಿದಂತಾಯಿತು. ಗಾಳಿಯೋ, ಯಾವುದಾದರೂ ಸಣ್ಣ ಪ್ರಾಣಿಯೋ, ಇಂದಿಗೂ ತಿಳಿಯದು. ಆದರೆ ಆ ಕ್ಷಣದಲ್ಲಿ ನಮಗೆ ಕಂಡದ್ದು, ಆ ಚೀಲಕ್ಕೂ ಮಲಗಿದ ಮಗುವಿನ ತಲೆಗೂ ಒಂದು ಗೇಣಿನ ಅಂತರವಿತ್ತು ಎಂಬುದು. ಸತ್ಯ, ನುಡಿ-ನಡೆ ಎಂದು ಊರೂರು ಸುತ್ತಿ ಹೇಳಿದವರು ನಾವು. ಹತ್ತು ವರ್ಷದ ಕೂಸು ನೇರವಾಗಿ ಕೇಳಿದ್ದಕ್ಕೆ ನೇರವಾದ ಸುಳ್ಳು ಹೇಳಿ, ಅದರ ಪಕ್ಕದಲ್ಲಿ ಅಪಾಯವನ್ನು ಇಟ್ಟುಕೊಂಡು ಮಲಗಿದ್ದೆವು. ಕಾಡಿನ ಕರಡಿಗೂ ಅದರಿಂದ ಕೇಡೇ.

ಎದ್ದು ಹೊರಗೆ ಬಂದು ಮಗನ ಡೇರೆಯ ಬಳಿ ನಿಂತು, “ತಮ್ಮಾ, ಕಾರಿನ ಕೀಲಿ ಬೇಕಾಗೇತಿ” ಎಂದು ಮೆಲ್ಲನೆ ಕರೆದೆವು. ಅವನು ಬ್ಯಾಟರಿ ಹಿಡಿದು ಬಂದ. ಗಂಟನ್ನು ಅವನ ಕೈಗಿತ್ತೆವು. ಬೆಳಕು ಉಂಡಿಗಳ ಮೇಲೆ ಬಿತ್ತು. ಆಮೇಲೆ ನಮ್ಮ ಮುಖದ ಮೇಲೆ ಬಿತ್ತು. ಕಾರಿಗೆ ಒರಗಿ ನಿಂತು ಎಲ್ಲವನ್ನೂ ಹೇಳಿದೆವು. ಅವನು ಬಹಳ ಹೊತ್ತು ಮಾತಾಡಲಿಲ್ಲ.

“ಆರು ತಿಂಗಳಾತೇನ್ರಿ?” ಎಂದ ಕೊನೆಗೆ. “ವಾರಕ್ಕ ಎರಡು ಸಲ ಫೋನ್ ಮಾಡ್ತೀನಿ. ಪ್ರತಿ ಸಲ ಆರಾಮ ಅಂತೀರಿ. ಇನ್ನ ಮುಂದ ನೀವು ಆರಾಮ ಅಂದ್ರ ನಾ ಏನ್ ತಿಳಕೋಬೇಕ್ರಿ ಅಪ್ಪಾ?”

ನಮ್ಮಲ್ಲಿ ಉತ್ತರವಿರಲಿಲ್ಲ. ಅವನ ನೆಮ್ಮದಿಗಾಗಿ ಮುಚ್ಚಿಟ್ಟೆವೆಂದು ಇಷ್ಟು ದಿನ ಅಂದುಕೊಂಡಿದ್ದೆವು. ನಿಜವನ್ನು ಹೇಳಬೇಕೆಂದರೆ, ಯಾರ ಮುಂದೆಯೂ ಕೈಚಾಚದ ಗಟ್ಟಿ ಮನುಷ್ಯನೆಂಬ ಹೆಮ್ಮೆಗಾಗಿ ಮುಚ್ಚಿಟ್ಟಿದ್ದೆವು. ಅವನು ಉಂಡಿಗಳನ್ನು ಕಾರಿನಲ್ಲಿಟ್ಟು ಬೀಗ ಹಾಕಿ, “ಯಾವ ಹೊತ್ತಿನ್ಯಾಗರೆ ಬೇಕಾದ್ರ ನನ್ನ ಎಬ್ಬಸ್ರಿ” ಎಂದು ಹೇಳಿ ಹೋದ.

ಬೆಳಗಿನ ಜಾವ 4ರ ಸುಮಾರಿಗೆ ಅದು ಬಂದೇ ಬಂದಿತು. ಆ ಚಳಿಯಲ್ಲಿಯೂ ಬೆನ್ನು ಬೆವರಿತು, ಕೈ ನಡುಗಿತು. ಅಭ್ಯಾಸಬಲದಿಂದ ತಲೆದಿಂಬಿನ ಕೆಳಗೆ ತಡಕಿದೆವು, ಏನಿರಲಿಲ್ಲ. ಮಗನನ್ನು ಕೂಗಲು ಒಂದು ಕ್ಷಣ ಸಂಕೋಚ ತಡೆಯಿತು, ಬಳಿಕ ಕೂಗಿದೆವು. ಅವನೂ ಸೊಸೆಯೂ ಓಡಿ ಬಂದರು. ಸೊಸೆ ಕಾರಿನಿಂದ ಕಿತ್ತಳೆರಸ ತಂದು ಕುಡಿಸಿದಳು. ಶೇಂಗಾದಲ್ಲಿ ಎಣ್ಣೆಯಂಶ ಹೆಚ್ಚಿರುವುದರಿಂದ ಉಂಡಿಯ ಸಿಹಿ ರಕ್ತಕ್ಕೆ ಸೇರುವುದು ನಿಧಾನ. ಇಂಥ ವೇಳೆಯಲ್ಲಿ ಮೊದಲು ಗ್ಲೂಕೋಸ್, ಸಕ್ಕರೆ ನೀರು ಅಥವಾ ಹಣ್ಣಿನ ರಸ ಕೊಡಬೇಕು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು ಎಂಬುದು ಅವಳಿಗೆ ಗೊತ್ತಿತ್ತು. ಆರು ತಿಂಗಳು ನಾವು ನಂಬಿಕೊಂಡ ಗುಟ್ಟಿನ ಮದ್ದೂ ಸರಿಯಾದ ಮದ್ದಾಗಿರಲಿಲ್ಲ. ಕೇಳಿದ್ದರಲ್ಲವೆ ತಿಳಿಯುವುದು?

ಬೆಳಗಾದ ಮೇಲೆ ನಲ್ಲಿಯ ತಣ್ಣೀರಿನಲ್ಲಿ ಕೈಕಾಲು ಮುಖ ತೊಳೆದು ಪೂಜೆ ಮುಗಿಸಿ, ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ರಾತ್ರಿ ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡೆವು; ಮಠದ ಇರುವೆಗಳ ಕಥೆಯನ್ನೂ ಹೇಳಿದೆವು. ಅವಳು ಗಂಭೀರವಾಗಿ ಕೇಳಿ, “ಹಂಗಾರ ಈಗ ಎಲ್ಲಾರಿಗೂ ಹಂಚ್ರಿ” ಎಂದು ತೀರ್ಪು ಕೊಟ್ಟಳು. ಮೇಜಿನ ಮೇಲೆ ಗಂಟು ಬಿಚ್ಚಿದೆವು. ಐವರೂ ತಿಂದ ಮೇಲೆ ಅವಳು ಮೇಜಿನ ಮೇಲೆ, ಕೆಳಗೆ ಬಿದ್ದ ಪುಡಿಯನ್ನೆಲ್ಲ ಒಂದೊಂದಾಗಿ ಆಯ್ದು ಕಾಗದದಲ್ಲಿ ಕಟ್ಟಿಕೊಂಡು, ಕರಡಿ ತೆರೆಯಲಾಗದಂಥ ಕಸದ ಡಬ್ಬಿಗೆ ಹಾಕಿ ಬಂದಳು. ನಾವು ಅವಳ ಹಿಂದೆ ಹೋಗಿ ಡಬ್ಬಿಯ ಮುಚ್ಚಳ ಹಿಡಿದೆವು.

ಇಂಥ ಬೀಡಿಗೆ ಹೊರಡುವ ಕುಟುಂಬಗಳಿಗೆ ನಮ್ಮದೊಂದು ವಿನಂತಿ. ನಮ್ಮ ನಾಡಿನ ಕಾಡುಗಳಲ್ಲಿಯೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಡೇರೆ ಹೊಡೆಯಬಾರದು. ತಂದ ಕಸವನ್ನು ತಿರುಗಿ ತರಬೇಕು. ಪ್ರಾಣಿಗಳಿಗೆ ತಿನಿಸು ಹಾಕಬಾರದು. ಇವು ಹೊರಗಿನ ನಿಯಮಗಳು. ಒಳಗಿನದು ಒಂದಿದೆ. ಹೊರಡುವ ಮುನ್ನ, ಮನೆಯ ಹಿರಿಯರು ತಮ್ಮ ಕಾಯಿಲೆ, ಔಷಧಿ, ಅಂಜಿಕೆಗಳನ್ನು ಮಕ್ಕಳ ಮುಂದೆ ಹೇಳಿಬಿಡಬೇಕು. ಡೇರೆಯ ಗೋಡೆ ಬರಿಯ ಬಟ್ಟೆ. ಅದರೊಳಗೆ ಬಚ್ಚಿಟ್ಟದ್ದರ ಭಾರವನ್ನು ಜೊತೆಗೆ ಮಲಗಿದವರೆಲ್ಲರೂ ಹೊರಬೇಕಾಗುತ್ತದೆ.

ಈಗ ಮಗನ ದೂರವಾಣಿ ಬಂದಾಗ ಮೊದಲು ಸಕ್ಕರೆಯ ಅಂಕಿ ಹೇಳುತ್ತೇವೆ. ಉಳಿದ ಮಾತು ಆಮೇಲೆ.