ಗುಜರಿ ಬೀದಿಯ ಯುದ್ಧಕವಚ

ಶಿವಾಜಿನಗರದ ಬಸ್ ನಿಲ್ದಾಣದಿಂದ ಹೊರಬಿದ್ದು ರಸೆಲ್ ಮಾರ್ಕೆಟ್ಟಿನ ಕಡೆಗೆ ಹೆಜ್ಜೆ ಹಾಕಿದರೆ ಕಣ್ಣಿಗಿಂತ ಮೊದಲು ಮೂಗಿಗೆ ಕೆಲಸ. ಮಲ್ಲಿಗೆ, ಮೀನು, ಕೆಂಡದ ಮೇಲಿನ ಕಬಾಬು, ಆಟೋ ಹೊಗೆ, ಎಲ್ಲವೂ ಒಟ್ಟಿಗೇ ಎದುರುಗೊಳ್ಳುತ್ತವೆ. ಈ ಬೀದಿಗಳಿಗೆ ನಾನು ಹೊಸಬನಲ್ಲ. ಹಣ್ಣಿಗೆಂದು, ಹೂವಿಗೆಂದು, ಹಳೆಯ ಸ್ಕೂಟರಿನ ಬಿಡಿಭಾಗಕ್ಕೆಂದು ಎಷ್ಟೋ ಸಲ ಬಂದವನು. ಕಳೆದ ಜನವರಿಯಲ್ಲಿ ಬಂದ ಕಾರಣ ಮಾತ್ರ ಬೇರೆ. ಅಕ್ಕನ ಮಗನಿಗೆ ಯುದ್ಧಕವಚ ಬೇಕಾಗಿತ್ತು.

‘ಎಷ್ಟನೇ ಶತಮಾನದ್ದಪ್ಪಾ?’ ಎಂದು ಕೇಳಿದೆ.

‘ಇಪ್ಪತ್ತಾರನೇದು, ಮಾಮ’ ಎಂದ.

ಅವನದು ಏರ್‌ಸಾಫ್ಟ್ ಎಂಬ ಆಟದ ಹುಚ್ಚು. 1970ರ ದಶಕದಲ್ಲಿ ಜಪಾನಿನಲ್ಲಿ ಹುಟ್ಟಿದ ಆಟವಿದು. ನಿಜದಂತೆಯೇ ಕಾಣುವ ಬಂದೂಕು, ಅದರೊಳಗೆ ಆರು ಮಿಲಿಮೀಟರಿನ ಪ್ಲಾಸ್ಟಿಕ್ ಗುಂಡು. ಪೆಟ್ಟು ತಿಂದವನು ತಾನಾಗಿಯೇ ಕೈ ಎತ್ತಿ ಹೊರನಡೆಯಬೇಕು, ಪ್ರಾಮಾಣಿಕತೆಯೇ ಅಂಪೈರು. ನಮ್ಮ ಊರಿನಲ್ಲಿ ಬಣ್ಣದ ಗುಂಡಿನ ಪೇಂಟ್‌ಬಾಲ್ ಹೆಚ್ಚು ಪರಿಚಿತ, ಇದನ್ನು ಆಡುವವರು ಕಡಿಮೆ. ಅವನ ಗೆಳೆಯರು ಈ ಸಲ ಆಟಕ್ಕೊಂದು ಕಥೆ ಕಟ್ಟಿದ್ದರು. ಯಾವುದೋ ಗ್ರಹ, ಯಾವುದೋ ಗಣಿ, ಅದರ ಕಾವಲುಗಾರರು. ಕಾವಲುಗಾರನೆಂದ ಮೇಲೆ ವೇಷ ಬೇಡವೆ?

ವೇಷ ಕಟ್ಟುವ ಹುಡುಗರು ಬೆಂಗಳೂರಿನಲ್ಲಿ ಈಗ ಅಪರೂಪವಲ್ಲ. 2012ರಲ್ಲಿ ಕಾಮಿಕ್ ಕಾನ್ ಮೇಳ ಇಲ್ಲಿಗೆ ಬಂದ ಮೇಲೆ ಚಿತ್ರಕಥೆಗಳ ವೀರರಂತೆ ಸಿಂಗರಿಸಿಕೊಂಡು ಹೋಗುವವರ ಸಂಖ್ಯೆ ಬೆಳೆಯುತ್ತಲೇ ಬಂದಿದೆ. ಆದರೆ ಮೇಳದ ಕವಚ ಫೋಟೋಕ್ಕೆ ನಿಂತರೆ ಸಾಕು. ಆಟದ ಕವಚ ತೊಟ್ಟು ಓಡಬೇಕು, ಮಂಡಿಯೂರಬೇಕು, ಏಟು ತಿನ್ನಬೇಕು.

ಇಪ್ಪತ್ತಾರನೇ ಶತಮಾನದ ಲೋಹ ಯಾವುದು ಗೊತ್ತೆ? ಚಪ್ಪಲಿಯ ಅಟ್ಟೆ! ಇವಿಎ ಎಂಬ ಸ್ಪಂಜಿನಂಥ ಹಾಳೆ. ಮಕ್ಕಳ ಕೋಣೆಗೆ ಹಾಸುವ ಬಣ್ಣದ ಚೌಕಗಳೂ ಅದೇ ಸರಕು. ಹತ್ತು ಮಿಲಿಮೀಟರ್ ದಪ್ಪದ ನಾಲ್ಕು ಹಾಳೆಗಳನ್ನು ಚಪ್ಪಲಿ ಸಾಮಾನಿನ ಅಂಗಡಿಯಲ್ಲಿ ಸುತ್ತಿಸಿಕೊಂಡೆವು. ಅಂಗಡಿಯ ಸಾಹೇಬರು ಎಷ್ಟು ಜೊತೆ ಚಪ್ಪಲಿಗೆ ಎಂದು ವಿಚಾರಿಸಿದರು. ಹುಡುಗ ತನ್ನ ಎದೆ ಮುಟ್ಟಿ ತೋರಿಸಿದ. ಅವರು ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ.

ಇಬ್ರಾಹಿಂ ಸಾಹೇಬ್ ಬೀದಿಯಲ್ಲಿ ಎಲಾಸ್ಟಿಕ್, ಬ್ಯಾಗಿನ ಪಟ್ಟಿ, ಬಕಲ್, ವೆಲ್ಕ್ರೊ ಸಿಕ್ಕವು. ಮದುವೆ ಲಂಗದ ಜರಿ ಅಂಚಿನ ಪಕ್ಕದಲ್ಲೇ ನಮ್ಮ ಬಾಹ್ಯಾಕಾಶದ ಸಾಮಾನು! ಕೊನೆಗೆ ಗುಜರಿ. ಬಿಚ್ಚಿಟ್ಟ ಬಾಗಿಲುಗಳು, ಗುಡ್ಡೆ ಹಾಕಿದ ಲಾಂಪುಗಳು, ಎಣ್ಣೆ ಮೆತ್ತಿದ ನೆಲ. ಸೊಂಟಪಟ್ಟಿಗೆ ಅಂಟಿಸಲು ಹಳೆಯ ಕಾರಿನ ಗುಂಡಿ, ಸ್ವಿಚ್ಚುಗಳನ್ನು ಅವನು ಮುತ್ತು ಆರಿಸಿದಂತೆ ಆರಿಸಿದ.

ಇಂದಿರಾನಗರದ ಅಕ್ಕನ ಮನೆಯ ತಾರಸಿ ಕೋಣೆಯೇ ಕಮ್ಮಟ. ಬನಿಯನ್ ತೊಟ್ಟು ನಿಂತ ಹುಡುಗನಿಗೆ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಸುತ್ತಿ, ಅದರ ಮೇಲೆ ಅಂಟುಪಟ್ಟಿ ಸುತ್ತಿ, ಗೆರೆ ಎಳೆದು, ಕತ್ತರಿಸಿ ತೆಗೆದರೆ ಅವನ ಮೈಯ ಅಳತೆಯೇ ಹಾಳೆಯಾಗಿ ಬಿಚ್ಚಿಕೊಳ್ಳುತ್ತದೆ. ದರ್ಜಿಯ ಟೇಪು ಹೇಳದ ಉಬ್ಬುತಗ್ಗುಗಳೆಲ್ಲ ಅದರಲ್ಲಿರುತ್ತವೆ. ಅದನ್ನಿಟ್ಟು ಇವಿಎ ಕತ್ತರಿಸಿ, ಬಿಸಿಗಾಳಿಯ ಯಂತ್ರ ಹಿಡಿದು ಬಗ್ಗಿಸಬೇಕು. ಬಿಸಿಯಲ್ಲಿ ಮೆತ್ತಗಾದದ್ದು ಆರುವಾಗ ಬಾಗಿದ ಹಾಗೆಯೇ ನಿಲ್ಲುತ್ತದೆ. ಅಂಚುಗಳೆರಡಕ್ಕೂ ಫೆವಿಕಾಲ್ ಎಸ್‌ಆರ್ ಬಳಿದು, ಹತ್ತು ನಿಮಿಷ ಒಣಗಲು ಬಿಟ್ಟು ಒತ್ತಬೇಕು. ಹಸಿಯಲ್ಲೇ ಒತ್ತಿದರೆ ಜಾರುತ್ತದೆ. ಒಣಗಿಸಿ ಒತ್ತಿದರೆ ಮತ್ತೆ ಬಿಡಿಸಲಾಗದು. ‘ಮನೆಯೆಲ್ಲಾ ಚಮ್ಮಾರಿಕೆ ವಾಸನೆ’ ಎಂದು ಅಕ್ಕ ಕಿಟಕಿಗಳನ್ನೆಲ್ಲ ತೆರೆದಿಟ್ಟಳು. ಒಳ್ಳೆಯದೇ ಆಯಿತು, ಆ ಅಂಟಿನ ಆವಿ ಮುಚ್ಚಿದ ಕೋಣೆಯಲ್ಲಿ ತಲೆ ತಿರುಗಿಸುತ್ತದೆ.

ಹೆಗಲ ಮೇಲಿನ ತುಂಡಿಗೆ ಅವನೊಂದು ಇಂಗ್ಲಿಷ್ ಹೆಸರು ಹೇಳಿದ. ನನಗೆ ಅದು ಭುಜಕೀರ್ತಿ. ಯಕ್ಷಗಾನದವರು ಹಗುರ ಮರ ಕೆತ್ತಿ ಬೇಗಡೆ ಅಂಟಿಸಿ ಚಿನ್ನ ಮಾಡುತ್ತಿದ್ದರು, ಇವನು ಚಪ್ಪಲಿ ಅಟ್ಟೆಗೆ ಬೂದು ಬಣ್ಣ ಬಳಿದು ಉಕ್ಕು ಮಾಡುತ್ತಿದ್ದ. ಮೂರನೇ ಭಾನುವಾರದ ಹೊತ್ತಿಗೆ ಅವನೂ ‘ಮಾಮ, ಭುಜಕೀರ್ತಿ ಹಿಡ್ಕೊಳಿ’ ಎನ್ನತೊಡಗಿದ್ದ.

ಜಗಳವಾದದ್ದು ಶಿರಸ್ತ್ರಾಣಕ್ಕೆ. ಕಾವಲುಗಾರನ ಕಣ್ಣಿಗೆ ಉದ್ದನೆಯ ಕಿರಿದಾದ ಸೀಳು, ಅದಕ್ಕೆ ಕಪ್ಪು ಅಕ್ರಿಲಿಕ್ ಹಾಳೆ. ನೋಡಲು ಭಯಂಕರವಾಗಿತ್ತು, ಒಪ್ಪಿಕೊಳ್ಳಬೇಕು. ಆದರೆ ನಾನು ಲೆಕ್ಕ ಹಾಕಿದ್ದೆ. ಗುಂಡು 0.2 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 100 ಮೀಟರ್, ಶಕ್ತಿ ಒಂದು ಜೌಲ್. ಎದೆಯ ಮೇಲಿನ ಹಾಳೆಗೆ ಅದು ಸೊಳ್ಳೆ ಕಡಿದಂತೆ. ಬರಿಗಣ್ಣಿಗೆ ತಗುಲಿದರೆ ದೃಷ್ಟಿಯೇ ಹೋದೀತು. ‘ಇದು ಗಟ್ಟಿ ಇದೆ ಮಾಮ’ ಎಂದು ಅವನು, ‘ಪರೀಕ್ಷೆ ಮಾಡೋಣ’ ಎಂದು ನಾನು. ಗೆಳೆಯನೊಬ್ಬ ತನ್ನ ಬಂದೂಕು ತಂದ. ನಾವೆಲ್ಲ ಕನ್ನಡಕ ಹಾಕಿಕೊಂಡು, ಶಿರಸ್ತ್ರಾಣವನ್ನು ತುಳಸಿಕಟ್ಟೆಯಿಂದ ದೂರದ ಹೂಕುಂಡದ ಮೇಲಿಟ್ಟು ಹತ್ತು ಹೆಜ್ಜೆಯಿಂದ ಹೊಡೆದೆವು. ಮೊದಲ ಗುಂಡು ಜಾರಿತು. ಮೂರನೆಯದಕ್ಕೆ ಅಕ್ರಿಲಿಕ್ ಟಪ್ಪನೆ ಬಿರಿಯಿತು, ಉಗುರಿನಷ್ಟಗಲದ ಚೂಪು ಚೂರು ಒಳಗೆ, ಕಣ್ಣಿರಬೇಕಾದ ಜಾಗದಲ್ಲಿ ಬಿದ್ದಿತ್ತು.

ಯಾರೂ ಮಾತಾಡಲಿಲ್ಲ. ಅಕ್ಕ ಕಾಫಿ ತಂದವಳು ಆ ಚೂರನ್ನು ಎತ್ತಿ ನೋಡಿ, ಸುಮ್ಮನೆ ಲೋಟಗಳನ್ನಿಟ್ಟು ಕೆಳಗಿಳಿದಳು.

ಮರುದಿನ ಹಲಸೂರಿಗೆ ಹೋದೆವು. ಸೋಮೇಶ್ವರ ದೇವಸ್ಥಾನದ ಗೋಪುರ ಕಾಣುವ ಪೇಟೆಯಲ್ಲಿ, ಕಾರ್ಖಾನೆ ಕೆಲಸದವರಿಗೆ ಕೈಗವಸು, ಬೂಟು ಮಾರುವ ಅಂಗಡಿ. ಪಾಲಿಕಾರ್ಬೊನೇಟ್ ಕಣ್ಣುಗವಸು ಕೇಳಿದೆ. ಅಂಚಿನಲ್ಲಿ ಝಡ್ 87 ಮತ್ತು ಕೂಡುವ ಚಿಹ್ನೆ ಇರಬೇಕು. ಕಾಲು ಇಂಚಿನ ಉಕ್ಕಿನ ಗುಂಡು ಹೊಡೆದು ಪರೀಕ್ಷಿಸಿದ ಮಾದರಿಯೆಂಬುದಕ್ಕೆ ಅದು ಗುರುತು. ಸೀಳು ಎರಡರಷ್ಟು ಅಗಲವಾಯಿತು, ಕಾವಲುಗಾರನ ಕ್ರೌರ್ಯ ಅರ್ಧಕ್ಕಿಳಿಯಿತು. ಹುಡುಗ ಮುಖ ಊದಿಸಿಕೊಂಡೇ ಕತ್ತರಿಸಿದ.

ದಾರಿಯಲ್ಲಿ ಹಲಸೂರು ಕೆರೆಯ ಬದಿ, 1780ರಲ್ಲಿ ಹುಟ್ಟಿದ ಮದ್ರಾಸ್ ಸ್ಯಾಪರ್‌ಗಳ ನೆಲೆಯ ಗೋಡೆ. ದಂಡಿಗೆಂದೇ 1809ರಲ್ಲಿ ಕಟ್ಟಿಕೊಂಡ ಊರಲ್ಲವೆ ದಂಡು ಪ್ರದೇಶ! ಇಂಥ ಕಡೆ ಆಟಿಕೆ ಬಂದೂಕು ಹಿಡಿದು ನಡೆಯುವುದು ಬುದ್ಧಿವಂತಿಕೆಯಲ್ಲ. ಆ ಹುಡುಗರ ನಿಯಮವೂ ಅದೇ: ಬಂದೂಕು ಮುಚ್ಚಿದ ಪೆಟ್ಟಿಗೆಯಲ್ಲಿ, ಕಾರಿನಲ್ಲಿ, ನೇರ ಮೈದಾನಕ್ಕೆ.

ಹಾಗಾಗಿ ಫೆಬ್ರವರಿಯ ಭಾನುವಾರ ನಾವು ಮೆಟ್ರೊ ಹತ್ತಿದ್ದು ಬರೀ ಕವಚದ ಗೋಣಿಯೊಂದಿಗೆ. 2023ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿ, ಕೆ.ಆರ್. ಪುರದ ನಡುವಣ ಹಳಿ ಸೇರಿದ ಮೇಲೆ ಈ ಪಯಣ ಸಲೀಸು. ತಪಾಸಣೆಯ ಹೆಣ್ಣುಮಗಳು ಗೋಣಿಯಿಂದ ತಲೆಯೊಂದನ್ನು ಎತ್ತಿ, ಬೆರಳಿನಿಂದ ಒತ್ತಿ, ‘ಸ್ಪಂಜು!’ ಎಂದು ನಕ್ಕು ಬಿಟ್ಟಳು. ಕೆಳಗೆ ಟಿನ್ ಫ್ಯಾಕ್ಟರಿಯ ವಾಹನ ಸಾಗರ, ಮುಂದೆ ತೂಗುಸೇತುವೆಯ ಹಗ್ಗಗಳು. ಅಲ್ಲಿಂದ ಆಟೋ, ಆಮೇಲೆ ಗೆಳೆಯನೊಬ್ಬನ ಕಡೆಯವರ ಖಾಲಿ ಜಮೀನು.

ಆಟದ ಬಗ್ಗೆ ಹೇಳುವುದು ಹೆಚ್ಚಿಲ್ಲ, ನಾನು ನೀಲಗಿರಿ ಮರದಡಿ ಕೂತು ದೂರದಿಂದ ಪಟಪಟ ಸದ್ದು ಕೇಳಿದೆ. ಅರ್ಧ ಗಂಟೆಯಲ್ಲೇ ಕಾವಲುಗಾರ ಬೆವರಿನಲ್ಲಿ ಬೆಂದ ಕಡುಬಿನಂತಾಗಿದ್ದ. ಇವಿಎ ಗಾಳಿ ಬಿಡುವುದಿಲ್ಲ; ಬೆನ್ನಿನ ಹಾಳೆಗೆ ಮುಂದಿನ ಸಲ ತೂತು ಕೊರೆಯಬೇಕಂತೆ. ಒಂದು ಮಂಡಿಕವಚ ಕಿತ್ತು ಬಂದಿತ್ತು. ಹಸಿಯಲ್ಲೇ ಒತ್ತಿದ್ದು ನಾನೇ.

ವಾಪಸು ಬರುವಾಗ ರೈಲಿನಲ್ಲಿ ಸೀಟು ಸಿಕ್ಕಿತು. ಅವನು ಗೋಣಿಯಿಂದ ಕಣ್ಣುಗವಸು ತೆಗೆದು ಬೆಳಕಿಗೆ ಹಿಡಿದ. ಎಡಗಣ್ಣಿನ ನೇರಕ್ಕೆ, ಸಾಸಿವೆ ಕಾಳಿನಷ್ಟು ಬಿಳಿ ಕಲೆ. ಹೆಬ್ಬೆರಳಿನಿಂದ ಉಜ್ಜಿ ನೋಡಿದ. ಹೋಗಲಿಲ್ಲ. ಬೆನ್ನಿಗಾನಹಳ್ಳಿ ದಾಟಿದ ಮೇಲೆ ಅದನ್ನು ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಜೇಬಿಗಿಟ್ಟುಕೊಂಡು, ‘ಅಮ್ಮನಿಗೆ ತೋರಿಸ್ಬೇಡಿ ಮಾಮ’ ಎಂದ.