ಅಪ್ಪನದು ಫಿಯಟ್, ಅಮ್ಮನ ತವರಿನದು ಅಂಬಾಸಿಡರ್

ನಮ್ಮ ಮನೇಲಿ ಕಾರು ಅಂದ್ರೆ ಫಿಯಟ್. ಬೇರೆಯವರ ಮನೆ ಮುಂದೆ ನಿಂತಿರೋದೆಲ್ಲ ಬರೀ 'ಗಾಡಿ'. ಈ ವ್ಯತ್ಯಾಸ ನನಗೆ ಎಬಿಸಿಡಿ ಕಲಿಯೋಕೆ ಮೊದಲೇ ಗೊತ್ತಿತ್ತು.

ತಿಪಟೂರಿನಲ್ಲಿ ನಮ್ಮ ತಾತನದು ಕೊಬ್ಬರಿ ವ್ಯಾಪಾರ. ಎಪ್ಪತ್ತರ ದಶಕದಲ್ಲಿ ಕೈಯಲ್ಲಿ ದುಡ್ಡಿದ್ದರೂ ಕಾರು ಸಿಗ್ತಿರಲಿಲ್ಲ, ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ತಾತ ಕಾದರು. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್‌ನವರು ತಯಾರಿಸುತ್ತಿದ್ದ ಫಿಯಟ್ 1100, ಮನೆಗೆ ಬರೋ ಹೊತ್ತಿಗೆ ಹೆಸರು ಬದಲಾಯಿಸಿಕೊಂಡು ಪ್ರೀಮಿಯರ್ ಪದ್ಮಿನಿ ಆಗಿತ್ತು. ಹಿಂದೆ ಬರೆದಿದ್ದು ಪದ್ಮಿನಿ, ಬಾಯಲ್ಲಿ ಕೊನೇವರೆಗೂ ಫಿಯಟ್.

ಅಮ್ಮನ ತವರು ಅರಸೀಕೆರೆ. ಅಲ್ಲಿ ಅಂಬಾಸಿಡರ್. ಎರಡು ಮನೆಯವರು ಸೇರಿದರೆ ಊಟಕ್ಕೆ ಮೊದಲು ಅದೇ ಜಗಳ. 'ನಿಮ್ಮ ಫಿಯಟ್‌ನಲ್ಲಿ ನಾಲ್ಕು ಜನ ಕೂತ್ರೆ ಐದನೆಯವನು ಬಸ್ಸಿಗೆ ಹೋಗ್ಬೇಕು' ಅಂತ ಮಾವ. 'ನಿಮ್ಮದರ ಸ್ಟೇರಿಂಗ್ ತಿರುಗಿಸೋಕೆ ಜಟ್ಟಿ ಬೇಕು' ಅಂತ ಅಪ್ಪ. ಅಮ್ಮ ಯಾರ ಪಕ್ಷಾನೂ ವಹಿಸದೆ ಚಿತ್ರಾನ್ನ ಬಡಿಸ್ತಿದ್ದಳು.

ನನ್ನ ಜಾಗ ಮುಂದಿನ ಉದ್ದನೆಯ ಸೀಟಿನಲ್ಲಿ, ಅಪ್ಪ-ಅಮ್ಮನ ನಡುವೆ. ಗೇರ್ ಸ್ಟೇರಿಂಗ್ ಪಕ್ಕದಲ್ಲೇ ಇದ್ದದ್ದರಿಂದ ಕಾಲಿಗೇನೂ ಅಡ್ಡ ಇಲ್ಲ. ಚಳಿಗಾಲದ ಬೆಳಿಗ್ಗೆ ಚೋಕ್ ಎಳೆಯೋ ಕೆಲಸ ನನ್ನದು. ಎಳೆದು, ಇಂಜಿನ್ ಹಿಡಿದುಕೊಂಡ ಮೇಲೆ ನಿಧಾನ ಒಳಗೆ ತಳ್ಳಬೇಕು. ಇವತ್ತು ಪ್ರೊಡಕ್ಷನ್ ಸರ್ವರ್ ರೀಸ್ಟಾರ್ಟ್ ಮಾಡುವಾಗಲೂ ಅಷ್ಟು ಜವಾಬ್ದಾರಿ ಅನ್ನಿಸಲ್ಲ.

ಒಂದು ಬೇಸಿಗೆ ಎರಡೂ ಮನೆಯವರು ಧರ್ಮಸ್ಥಳಕ್ಕೆ ಹೋಗಿದ್ವಿ. ವಾಪಸ್ ಬರುವಾಗ ಚಾರ್ಮಾಡಿ ಏರಿನಲ್ಲಿ ನಮ್ಮ ಬಾನೆಟ್‌ನಿಂದ ಹೊಗೆ. ಹಿಂದೆ ಬಂದ ಮಾವ ಅಂಬಾಸಿಡರ್ ನಿಲ್ಲಿಸಿ, ಒಂದು ಮಾತೂ ಆಡದೆ ಕ್ಯಾನಿನಲ್ಲಿದ್ದ ನೀರು ತಂದುಕೊಟ್ಟರು. ಅವರ ಮುಖದಲ್ಲಿದ್ದ ನಗು ನೋಡಬೇಕಿತ್ತು. 'ರೇಡಿಯೇಟರ್‌ಗೆ ನೀರು ಹಾಕೋದು ನಾನೇ ಮರೆತಿದ್ದೆ, ಕಾರಿಂದೇನು ತಪ್ಪಿಲ್ಲ' ಅಂತ ಅಪ್ಪ ಊರು ತಲುಪೋವರೆಗೂ ಹೇಳ್ತಾನೇ ಇದ್ದರು. ತಾವು ದಡ್ಡ ಅನ್ನಿಸಿಕೊಂಡರೂ ಪರವಾಗಿಲ್ಲ, ಫಿಯಟ್‌ಗೆ ಕೆಟ್ಟ ಹೆಸರು ಬರಬಾರದು.

2012ರಲ್ಲಿ ನನಗೆ ಬೆಂಗಳೂರಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿತು. ತಾತ ತೀರಿಹೋಗಿದ್ದರು, ವ್ಯಾಪಾರ ಕುಸಿದಿತ್ತು. ದಸರಾ ರಜೆಗೆ ಊರಿಗೆ ಹೋದರೆ ಶೆಡ್ ಖಾಲಿ. 'ಗೊಬ್ಬರದ ಮೂಟೆ ಇಡೋಕೆ ಜಾಗ ಬೇಕಿತ್ತು ಕಣೋ' ಅಂದ್ರು ಅಪ್ಪ. ಮೂಟೆ ಒಂದೂ ಇರಲಿಲ್ಲ. 28 ಸಾವಿರಕ್ಕೆ ಹೋಯ್ತು, ಹಾಸ್ಟೆಲ್ ಫೀಸಿಗೆ ಆಯ್ತು ಅಂತ ಅಮ್ಮ ಆಮೇಲೆ ಅಡುಗೆಮನೇಲಿ ಹೇಳಿದಳು. ಆಯುಧಪೂಜೆ ದಿನ ಅಪ್ಪ ಅಭ್ಯಾಸಬಲದಿಂದ ನಾಲ್ಕು ನಿಂಬೆಹಣ್ಣು ತಂದಿದ್ದರು. ಸ್ಕೂಟರಿಗೆ ಎರಡೇ ಸಾಕಾಯ್ತು. ಉಳಿದ ಎರಡನ್ನ ಜೇಬಿಗೆ ಹಾಕ್ಕೊಂಡು ಒಳಗೆ ಹೋದರು.

ಆ ಎರಡು ನಿಂಬೆಹಣ್ಣು ನನ್ನ ತಲೆಯಿಂದ ಹೋಗಲೇ ಇಲ್ಲ. ಕೆಲಸ ಸಿಕ್ಕಿ, 2018ರಲ್ಲಿ ಸಾಲ ಮಾಡಿ ಕಾರು ತಗೊಂಡೆ. ಪುಂಟೊ ಅಂತ ಮನಸ್ಸಿತ್ತು, ಆದರೆ ಇಎಂಐ ಲೆಕ್ಕ, ಮರುಮಾರಾಟದ ಲೆಕ್ಕ ಎಲ್ಲ ಹಾಕಿ ಕೊನೆಗೆ ಸ್ವಿಫ್ಟ್ ಡೀಸೆಲ್. ಅಪ್ಪನಿಗೆ ಹೇಳೋ ಧೈರ್ಯ ಆಗಲಿಲ್ಲ, ನೇರ ಮನೆ ಮುಂದೆ ತಂದು ನಿಲ್ಲಿಸಿದೆ. ಅಪ್ಪ ಒಂದು ಸುತ್ತು ಹಾಕಿದರು. 'ಬಣ್ಣ ಚೆನ್ನಾಗಿದೆ' ಅಂದ್ರು. ಕೂರಲಿಲ್ಲ.

ನನ್ನ ಹತ್ರ ಒಂದೇ ಅಸ್ತ್ರ ಇತ್ತು. ಬಾನೆಟ್ ಎತ್ತಿದೆ. 'ಅಪ್ಪಾ, ಈ 1.3 ಲೀಟರ್ ಡೀಸೆಲ್ ಇಂಜಿನ್ ಫಿಯಟ್‌ನವರದ್ದು. ಮಾರುತಿಯವರು ಲೈಸೆನ್ಸ್ ತಗೊಂಡು ಇಲ್ಲೇ ಮಾಡ್ತಾರೆ. ಟಾಟಾ ವಿಸ್ಟಾದಲ್ಲೂ ಇದೇ ಇತ್ತು.' ನಾನು ಸುಳ್ಳು ಹೇಳ್ತಿದೀನಾ ಅಂತ ಮುಖ ನೋಡಿದರು. ಒಳಗಿಂದ ಕನ್ನಡಕ ತಂದು ಬಗ್ಗಿ ನೋಡಿದರು. ಪ್ಲಾಸ್ಟಿಕ್ ಕವರ್ ಬಿಟ್ಟರೆ ಅಲ್ಲೇನೂ ಕಾಣಲ್ಲ, ಆದರೂ ಐದು ನಿಮಿಷ ನೋಡಿದರು. ಆಮೇಲೆ ಅಮ್ಮನನ್ನ ಕೂಗಿದರು: 'ಬಾರೇ ಇಲ್ಲಿ, ನಮ್ದೇ ಇಂಜಿನ್ ಅಂತೆ!'

ಆ ವರ್ಷ ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಬಿತ್ತು. ಅರಸೀಕೆರೆಗೂ ಫೋನ್ ಹೋಯ್ತು.

2019ರಲ್ಲಿ ಇಲ್ಲಿ ಫಿಯಟ್ ಹೆಸರಿನ ಕಾರುಗಳ ತಯಾರಿ ನಿಂತಿತು. ಮರುವರ್ಷ ಬಿಎಸ್-6 ಬಂದಾಗ ಮಾರುತಿಯೂ ಡೀಸೆಲ್ ಕೈಬಿಟ್ಟಿತು. ಅಪ್ಪನಿಗೆ ಹೇಳಿದಾಗ, 'ಹಂಗಾದ್ರೆ ಇದನ್ನ ಮಾರೋ ಯೋಚನೆ ಮಾಡ್ಬೇಡ' ಅಂದ್ರು. ಈಗ ನನ್ನ ಹೆಂಡತಿ ಎಲೆಕ್ಟ್ರಿಕ್ ಕಾರು ತಗೊಳ್ಳೋಣ ಅಂತಿದ್ದಾಳೆ. ಅದರಲ್ಲಿ ಇಂಜಿನ್ನೇ ಇರಲ್ಲ. ಬಾನೆಟ್ ಎತ್ತಿ ಅಪ್ಪನಿಗೆ ಏನಂತ ತೋರಿಸಲಿ?