ಮ್ಯಾಪ್‌ನಲ್ಲಿ ಕಾಣದ ಹೊಗೆ

ನಮ್ಮ ಗುಂಪಿನಲ್ಲಿ ರಾಯಚೂರು ಸಿಟಿಯವರಿದ್ದೀವಿ, ಮಾನ್ವಿಯವರಿದ್ದೀವಿ, ದೇವದುರ್ಗದವರೂ ಇದ್ದೀವಿ. ನವೆಂಬರ್-ಡಿಸೆಂಬರ್‌ನಲ್ಲಿ ಊರಿಗೆ ಹೋದರೆ ಎಲ್ಲರಿಗೂ ಹತ್ತೋದು ಒಂದೇ ವಾಸನೆ, ಸುಟ್ಟ ನೆಲ್ಲು ಹುಲ್ಲಿನದು. ಮಾನ್ವಿಗೆ ತುಂಗಭದ್ರಾ ಎಡದಂಡೆ ಕಾಲುವೆ, ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆ. ನೀರಿನ ಹಿಂದೆ ನೆಲ್ಲು ಬಂತು, ನೆಲ್ಲಿನ ಹಿಂದೆ ಕಟಾವು ಮಷಿನ್ ಬಂತು. ಮಷಿನ್ ಕಾಳು ಕೊಟ್ಟು, ಹುಲ್ಲು-ಕೂಳೆ ಗದ್ದೆಯಲ್ಲೇ ಬಿಟ್ಟು ಹೋಗ್ತದೆ. ಆಮೇಲೆ ಒಂದು ಕಡ್ಡಿ ಗೀರಿದರೆ ಮುಗೀತು.

ಇಷ್ಟು ಹೊಗೆ ಉಪಗ್ರಹಕ್ಕೆ ಹೇಗೆ ಕಾಣ್ತದೆ ಅಂತ ನಾಸಾದ ಫರ್ಮ್ಸ್ ಮ್ಯಾಪ್ ತೆರೆದೆವು. ಪಂಜಾಬ್ ಮೇಲೆ ಕೆಂಪು ಚುಕ್ಕೆಗಳ ಜಾತ್ರೆ. ನಮ್ಮ ತಾಲೂಕುಗಳಲ್ಲಿ ಅಲ್ಲೊಂದು, ಇಲ್ಲೊಂದು.

ಕಾರಣ ಉಪಕರಣದಲ್ಲೇ ಇದೆ. ಸುಓಮಿ ಎನ್‌ಪಿಪಿ, ನೋವಾ-20 ಉಪಗ್ರಹಗಳಲ್ಲಿರುವ ವಿಯರ್ಸ್ ಬೆಂಕಿಯ ಶಾಖವನ್ನು ಹಿಡಿಯುತ್ತದೆ. ಅದರ ಒಂದು ಪಿಕ್ಸೆಲ್ 375 ಮೀಟರ್, ಅಂದರೆ ಸುಮಾರು 35 ಎಕರೆ. ಅವು ನಮ್ಮ ತಲೆ ಮೇಲೆ ಹಾಯುವುದು ಮಧ್ಯಾಹ್ನ 1:30 ಮತ್ತು ರಾತ್ರಿ 1:30ರ ಆಸುಪಾಸು. ನಮ್ಮೂರಲ್ಲಿ ಬಹಳ ಸಲ ಬೆಂಕಿ ಹಚ್ಚೋದು ಸಂಜೆ. ಎರಡೆಕರೆ ಹುಲ್ಲು ಬೇಗ ಬೂದಿಯಾಗ್ತದೆ, ಉಪಗ್ರಹ ಬರೋ ಹೊತ್ತಿಗೆ ಶಾಖ ಇರೋದಿಲ್ಲ. ಚಳಿಗಾಲದ ಸಂಜೆ ನೆಲದ ಹತ್ತಿರದ ಗಾಳಿ ತಣ್ಣಗಾಗಿ ಮೇಲೇಳದ ಕಾರಣ ಹೊಗೆ ಮಾತ್ರ ಓಣಿಯಲ್ಲೇ ಉಳೀತದೆ. ಮ್ಯಾಪ್ ಖಾಲಿ ಇದ್ದರೂ ದಮ್ಮಿನವರ ಕೆಮ್ಮು ಖಾಲಿಯಾಗೋದಿಲ್ಲ.

ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಭತ್ತದ ಹಂಗಾಮಿನಲ್ಲಿ ಬೆಂಕಿಯ ದಿನದ ಲೆಕ್ಕ ಕೊಡುತ್ತದೆ. ಅದರಲ್ಲಿರುವುದು ಪಂಜಾಬ್, ಹರಿಯಾಣ, ಉತ್ತರ ಪ್ರದೇಶ, ದೆಹಲಿ, ರಾಜಸ್ಥಾನ, ಮಧ್ಯಪ್ರದೇಶ. ಲೆಕ್ಕಕ್ಕೆ ಸಿಗದ ಹೊಗೆಗೆ ಯಾರು ಪರಿಹಾರ ಹುಡುಕ್ತಾರೆ?

ಹಾಗಂತ ಮ್ಯಾಪ್ ಹಿಡಿದು ರೈತರಿಗೆ ದಂಡ ಹಾಕಿ ಅನ್ನೋದು ನಮ್ಮ ಮಾತಲ್ಲ. ನಮ್ಮಲ್ಲೊಬ್ಬನ ಅಪ್ಪನನ್ನು ಕೇಳಿದಾಗ, "ಹುಲ್ಲು ಒಯ್ಯೋರಿದ್ರ ನಾವ್ಯಾಕ ಸುಡ್ತೀವಿ? ಆಳಿನ ಪಗಾರ ಯಾರ್ ಕೊಡ್ತಾರ?" ಅಂದ್ರು. ಈ ಪ್ರಶ್ನೆಗೆ ಯಾವ ಉಪಗ್ರಹದಲ್ಲೂ ಉತ್ತರ ಇಲ್ಲ.

ಆದರೆ ಉತ್ತರ ಎಲ್ಲಿಗೆ ಬೇಕು ಅಂತ ಉಪಗ್ರಹ ತೋರಿಸಬಲ್ಲದು. ಬೆಂಕಿ ಆರಿದರೂ ಕಪ್ಪು ಗುರುತು ಗದ್ದೆ ಉಳುವವರೆಗೂ ಇರ್ತದೆ. ಯುರೋಪಿನ ಸೆಂಟಿನೆಲ್-2 ಚಿತ್ರಗಳಲ್ಲಿ 10 ಮೀಟರ್‌ವರೆಗಿನ ವಿವರ ಸಿಗ್ತದೆ, ಸುಮಾರು ಐದು ದಿನಕ್ಕೊಮ್ಮೆ, ಪುಕ್ಕಟೆ. ಸುಟ್ಟ ಗದ್ದೆಗಳನ್ನು ಊರುವಾರು ಗುರುತಿಸಿದರೆ, ಮುಂದಿನ ವರ್ಷ ಹುಲ್ಲಿನ ಪೆಂಡಿ ಕಟ್ಟೋ ಬೇಲರ್ ಮೊದಲು ಯಾವ ಊರಿಗೆ ಹೋಗಬೇಕು ಅನ್ನೋದು ಗೊತ್ತಾಗ್ತದೆ. ಈ ಸಲದ ಮಿನಿ ಪ್ರಾಜೆಕ್ಟ್‌ಗೆ ನಾವು ಆರಿಸಿಕೊಂಡಿರುವುದು ಇದನ್ನೇ. ನಿಮ್ಮೂರೂ ಆ ಕಡೆಯದಾದರೆ, ಎಲ್ಲಿ, ಯಾವ ದಿನ ಹೊಗೆ ಕಂಡಿರಿ ಅಂತ ನಮಗೆ ಹೇಳಿ.